ಹದಿನೈದು ಹಲ್ಲು

ಆನೆಕಾಡು ದಾಟುವಾಗಲೇ ಶುರುವಾಗಿತ್ತು:
ಟಕ್.
ಮತ್ತೆ ಸ್ವಲ್ಪ ದೂರ ಏನೂ ಇಲ್ಲ.
ಏರು ಬಂದಲ್ಲಿ, ಗೇರು ಇಳಿಸಿದಲ್ಲಿ,
ಟಕ್ ಟಕ್,
ಹಿಂದಿನ ಸೀಟಿನಲ್ಲಿ ಯಾರೋ ಕೂತು
ಲೊಚಗುಟ್ಟಿದ ಹಾಗೆ.

ಸುಂಟಿಕೊಪ್ಪದ ಪೇಟೆ ಮುಗಿಯುವ ತಿರುವಿನಲ್ಲಿ
ತಗಡಿನ ಶೆಡ್ಡು. ಒಳಗೆ ಹೊಟ್ಟೆ ಬಿಚ್ಚಿಕೊಂಡ ಪಲ್ಪರ್,
ಕಳೆ ಕೊಚ್ಚುವ ಎರಡು ಮಿಷನ್ನು,
ಫೌಜಿನಲ್ಲಿ ಇಪ್ಪತ್ತೆರಡು ವರ್ಷ ಟ್ರಕ್ಕು ಬಿಚ್ಚಿ ಕಟ್ಟಿದ
ಹವಾಲ್ದಾರ್ ಮಾಚಯ್ಯ.
ನನ್ನ ನಮಸ್ಕಾರ ಮುಗಿಯುವ ಮೊದಲೇ ಕುಕ್ಕರುಗಾಲಲ್ಲಿ ಕೂತು
ಹಿಂದಿನ ಚಕ್ರದ ಬಳಿ ಎರಡೇ ಬೆರಳಲ್ಲಿ
ಚೈನು ಹಿಡಿದು ಎಳೆದರು,
ಎತ್ತಿನ ತುಟಿ ಸರಿಸಿ ಪ್ರಾಯ ನೋಡುವವರ ಹಾಗೆ.

ಹಲ್ಲು ಕಂಡಿತು. ಅರ್ಧಕ್ಕಿಂತ ಹೆಚ್ಚೇ ಕಂಡಿತು.
ಎಲ್ಲವೂ ಒಂದೇ ಕಡೆಗೆ ಬಾಗಿ,
ಗಾಳಿಗೆ ಮಲಗಿದ ಭತ್ತದ ಹಾಗೆ. ಅಲ್ಲ,
ಅಷ್ಟು ಚಂದವೇನಿಲ್ಲ, ಕುಡುಗೋಲಿನ ಮೊನೆಯ ಹಾಗೆ.

"ಚೈನು ಮಾತ್ರ ಹಾಕಿ, ಸಾಕು" ಅಂದೆ.
ಖರ್ಚಿನ ಪಟ್ಟಿ ಹೊಸಪೇಟೆಯಲ್ಲೇ ಬರೆದಿಟ್ಟು ಹೊರಟವಳು.

ಅವರು ಕೈ ಒರೆಸಿಕೊಂಡರು.
"ಹಳೇ ಹಲ್ಲು ಸುಮ್ಮನಿರೋದಿಲ್ಲ ಮೇಡಂ,
ತನ್ನ ಸವಕಲನ್ನೆಲ್ಲ ಹೊಸ ಚೈನಿಗೆ ಕಲಿಸ್ತದೆ.
ಮೂರೂ ಒಟ್ಟಿಗೆ. ಮುಂದಿಂದು, ಹಿಂದಿಂದು, ಚೈನು.
ಆಗದಿದ್ರೆ ಎಣ್ಣೆ ಬಿಟ್ಟು ಕೊಡ್ತೇನೆ,
ಮನೆ ಕಡೆ ತಿರುಗಿಸಿ, ನಿಧಾನ ಹೋಗಿ."

ನನ್ನ ಎಡ ಮಂಡಿಯ ಬಗ್ಗೆ ನಮ್ಮಾಸ್ಪತ್ರೆಯ ಮೂಳೆ ಡಾಕ್ಟರು
ಹೆಚ್ಚು ಕಡಿಮೆ ಇದನ್ನೇ ಹೇಳಿದ್ದರು,
ಇಷ್ಟು ಸಾವಧಾನದಲ್ಲಿ ಅಲ್ಲ.
ಮೂವತ್ತು ವರ್ಷ ವಾರ್ಡಿನಿಂದ ವಾರ್ಡಿಗೆ ನಡೆದ ಮಂಡಿ.
ಫಿಲ್ಮು ಬೆಳಕಿಗೆ ಹಿಡಿದು
"ಸವೆದಿದೆ ಸಿಸ್ಟರ್, ಇನ್ನು ಗಾಡಿ ಬಿಡಿ" ಅಂದರು.
ಬಿಟ್ಟೆ.
ಹೊಸಪೇಟೆಯಿಂದ ಇಲ್ಲಿಯ ತನಕ ಬಿಟ್ಟೆ.

ಸೆಟ್ಟು ಮೈಸೂರಿನಿಂದ ಬರಬೇಕು,
ಸಂಜೆ ಬಸ್ಸಿನ ಡ್ರೈವರ್ ಸೀಟಿನ ಹಿಂದೆ.
ಅಲ್ಲಿಯ ತನಕ ಒಂದು ಸ್ಟೂಲು, ಬೆಲ್ಲದ ಕರಿಕಾಫಿ,
ಎದುರು ತೋಟದಲ್ಲಿ ಒಂಟಿ ಬಿದಿರ ಏಣಿ ಹತ್ತಿ
ಮೆಣಸು ಕೊಯ್ಯುವವರ ಜಗಳ, ಎಲೆಯೊಳಗಿಂದ.
ಮಾಚಯ್ಯ ಮುಂದಿನ ಕವರು ತೆಗೆದರು.
ಒಂಬತ್ತು ವರ್ಷದ ರಸ್ತೆ ಅಲ್ಲಿ ಗಟ್ಟಿಯಾಗಿ ಕೂತಿತ್ತು:
ಜಿಡ್ಡು, ಗಣಿಯ ಕೆಂಧೂಳು, ಎಲ್ಲಿಯದೋ ಮರಳು.
ಸ್ಕ್ರೂಡ್ರೈವರಿನಲ್ಲಿ ಕೆರೆದರೆ ಸುರುಳಿ ಸುರುಳಿ ಎದ್ದು ಬಂತು.
ಹಬ್ಬಿನೊಳಗಿನ ರಬ್ಬರು ಒತ್ತಿ ನೋಡಿ
"ಇದೂ ಹೋಗಿದೆ" ಅಂದರು. "ಪೆಟ್ಟು ತಿನ್ನೋದೇ ಇದರ ಕೆಲಸ,
ಇದನ್ನ ಮಾತ್ರ ಯಾರೂ ನೋಡೋದಿಲ್ಲ."

ರಾತ್ರಿ ಬಲ್ಬಿನ ಕೆಳಗೆ ಚೈನು ಕೂಡಿಸಿದರು.
ಲಾಕಿನ ಬಾಯಿ ಹಿಂದಕ್ಕೆ, ಓಡುವ ದಿಕ್ಕಿಗೆ ಬೆನ್ನು.
"ಮುಂದಕ್ಕೆ ಬಾಯಿ ಬಿಟ್ರೆ ಏನಾದ್ರೂ ತಾಗಿ ಬಿಚ್ಚಿಕೊಳ್ತದೆ"
ಅಂದವರು ಆಮೇಲೆ ತಾವೂ ಬಾಯಿ ಬಿಡಲಿಲ್ಲ.

ಹಿಂದಿನ ಹಳೇ ಸ್ಪ್ರಾಕೆಟ್ಟನ್ನು
ತೋಟದ ರೈಟರು ಕೇಳಿ ಒಯ್ದಿದ್ದ.
ಬೆಳಿಗ್ಗೆ ಏಳೂವರೆಗೆ, ಲಾಡ್ಜಿನ ಮೆಟ್ಟಿಲಿಳಿಯುವಾಗ,
ಲೈನಿನ ಕಡೆಯಿಂದ ಗಂಟೆ, ತೆಳ್ಳಗೆ,
ಕೆಲಸಕ್ಕೆ ಕರೆಯುತ್ತಿತ್ತು. ನನ್ನದೇ.
ಬೇರೆಯವರ ಕೆಲಸಕ್ಕೆ ಅದು ಕೂಗುವುದನ್ನು
ರೇಲಿಂಗು ಹಿಡಿದು ನಿಂತು ಕೇಳಿದೆ.

ಮುಂದಿನ ಚಿಕ್ಕದನ್ನು ನಾನೇ ಇಟ್ಟುಕೊಂಡೆ.
ಎಣಿಸಿದೆ. ಹದಿನೈದು.
ಸವೆದದ್ದು ಹೌದು, ಒಂದೂ ಉದುರಿರಲಿಲ್ಲ.

"ಮುನ್ನೂರು ಕಿಲೋಮೀಟರಿಗೆ ಒಮ್ಮೆ ಸಡಿಲಾಗ್ತದೆ, ಹೊಸತಲ್ವಾ.
ಎಲ್ಲಿದ್ರೂ ನಿಲ್ಸಿ, ಒಂದು ಗೀಟು ಬಿಗಿಸಿ. ಜಾಸ್ತಿ ಬೇಡ.
ಎರಡು ಬೆರಳು ಆಡೋಕೆ ಜಾಗ ಇರಲಿ."

ವಿರಾಜಪೇಟೆ ದಾಟಿ, ಮಾಕುಟ್ಟದ ಇಳಿಜಾರು ಪೂರ್ತಿ
ಕಿವಿ ಹಿಂದಕ್ಕಿಟ್ಟುಕೊಂಡೇ ಇಳಿದೆ.
ಏನೂ ಇಲ್ಲ.
ಬಿದಿರಿನ ಕರಕರ, ಬ್ರೇಕಿನ ವಾಸನೆ, ಏನೂ ಇಲ್ಲ.
ಚೆಕ್‌ಪೋಸ್ಟಿನಲ್ಲಿ ಹೆಸರು ಬರೆಸಲು ನಿಲ್ಲಿಸಿ
ಎಡಗಾಲು ನೆಲಕ್ಕೂರಿದೆ.

ಟಕ್.

ಗಾರ್ಡು ಬಗ್ಗಿ ಚಕ್ರ ನೋಡಿದ.